ಲೆಕ್ಕ ಕೇಳುವುದು ಹಗೆತನವಲ್ಲ

ಮಠದ ಪ್ರಸಾದನಿಲಯದಲ್ಲಿದ್ದು ಓದಿದ ದಿನಗಳಲ್ಲಿ ನಾವು ಕಲಿತ ಪಾಠಗಳಲ್ಲಿ ಬಹಳಷ್ಟು ಮರೆತುಹೋಗಿವೆ. ವ್ಯಾಕರಣದ ಸೂತ್ರಗಳೂ ಈಗ ತಡವರಿಸಿಯೇ ನೆನಪಿಗೆ ಬರುತ್ತವೆ. ಆದರೆ ಸಾಯಂಕಾಲದ ಪ್ರಸಾದವಾದ ಮೇಲೆ ನಡೆಯುತ್ತಿದ್ದ ಒಂದು ಚಿಕ್ಕ ಕಾರ್ಯ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಣಜದ ಹೊಣೆ ಹೊತ್ತ ಹಿರಿಯರು ಖಾತೆಪುಸ್ತಕ ಹಿಡಿದು ಪಂಕ್ತಿಯ ಮುಂದೆ ನಿಲ್ಲುತ್ತಿದ್ದರು. ಇಂದು ಭಕ್ತರಿಂದ ಬಂದ ಜೋಳ ಇಷ್ಟು, ಬೀಸಲು ಹೋದದ್ದು ಇಷ್ಟು, ಪ್ರಸಾದ ಸ್ವೀಕರಿಸಿದವರು ಇಷ್ಟು ಜನ, ಕಣಜದಲ್ಲಿ ಉಳಿದದ್ದು ಇಷ್ಟು ಎಂದು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು. ಓದಿ ಮುಗಿಸಿದ ಮೇಲೆಯೇ ಪಂಕ್ತಿ ಏಳುತ್ತಿತ್ತು.

1972ರ ಬರಗಾಲ ಉತ್ತರ ಕರ್ನಾಟಕವನ್ನು ಸುಡುತ್ತಿದ್ದ ಕಾಲ. ಒಂದು ಸಂಜೆ ಹೀಗೆ ಲೆಕ್ಕ ಓದುತ್ತಿದ್ದಾಗ ನಮಗಿಂತಲೂ ಚಿಕ್ಕವನಾದ ಹುಡುಗನೊಬ್ಬ ಎದ್ದು ನಿಂತು, ನಿನ್ನೆ ಹೇಳಿದ ಉಳಿಕೆಗೂ ಇಂದು ಹೇಳಿದ ಉಳಿಕೆಗೂ ಎರಡು ಚೀಲದ ಅಂತರ ಬರುತ್ತದಲ್ಲ ಎಂದುಬಿಟ್ಟ. ನಮಗೆಲ್ಲ ಉಸಿರೇ ನಿಂತಂತಾಯಿತು. ಹಿರಿಯರ ಮುಖ ಕೆಂಪೇರಿತು. ಪೂಜ್ಯರು ಮಾತ್ರ ಆ ಹುಡುಗನನ್ನು ಹತ್ತಿರ ಕರೆದು, ಅವನ ಕೈಗೆ ಕಂದೀಲು ಕೊಟ್ಟು, ಪುಸ್ತಕವನ್ನು ಮತ್ತೊಮ್ಮೆ ಓದಿಸಿದರು. ಅಂದು ಮಧ್ಯಾಹ್ನ ಪಕ್ಕದ ಹಳ್ಳಿಯ ಗಂಜಿ ಕೇಂದ್ರಕ್ಕೆ ಕಳುಹಿಸಿದ್ದ ಎರಡು ಚೀಲ ಜೋಳವನ್ನು ಬರೆದುಕೊಳ್ಳುವುದು ಮರೆತುಹೋಗಿತ್ತು. ಪೂಜ್ಯರು ಹೇಳಿದ ಮಾತು ಇಷ್ಟೇ: “ಕೇಳಿದ್ದು ಒಳ್ಳೆಯದಾಯಿತು. ಕೇಳದೆ ಹೋಗಿದ್ದರೆ ಈ ಎರಡು ಚೀಲ ಇವರ ತಲೆಯ ಮೇಲೆಯೇ ಉಳಿಯುತ್ತಿತ್ತು.”

ಅರ್ಧ ಶತಮಾನಕ್ಕೂ ಹಿಂದಿನ ಈ ಪ್ರಸಂಗವನ್ನು ಈಗ ನೆನೆಯಲು ಕಾರಣವಿದೆ.

ಒಬ್ಬ ತಾಯಿಯ ಸಂಕಟ

ಕೆಲವು ವರ್ಷಗಳ ಹಿಂದೆ, ಮೊದಲ ಮಳೆಗಳು ಬೀಳತೊಡಗಿದ್ದಾಗ, ವಿಧವೆಯಾದ ಒಬ್ಬ ತಾಯಿ ನಮ್ಮಲ್ಲಿಗೆ ಬಂದರು. ಸರಕಾರದ ವಸತಿ ಯೋಜನೆಯಲ್ಲಿ ಅವರಿಗೊಂದು ಮನೆ ಮಂಜೂರಾಗಿತ್ತು. ತಳಪಾಯಕ್ಕೆ, ಗೋಡೆಗೆ ಕಂತು ಬಂದವು. ಮಾಳಿಗೆಯ ಮಟ್ಟಕ್ಕೆ ಬಂದ ಮೇಲೆ ಬರಬೇಕಾದ ಕಂತು ಬರಲಿಲ್ಲ. ಪಂಚಾಯತಿಯಲ್ಲಿ ವಿಚಾರಿಸಿದರೆ ಹಣ ಸಂದಾಯವಾಗಿದೆ ಎಂಬ ಉತ್ತರ. ಆಗಿನ ಅಧ್ಯಕ್ಷರು ಅವರಿಗೆ ಹತ್ತಿರದ ಸಂಬಂಧಿ, ದಿವಂಗತ ಪತಿಯ ಚಿಕ್ಕಪ್ಪನ ಮಗ. ಹಣವನ್ನು ಆತನೇ ನುಂಗಿದನೆಂದು ಓಣಿಯಲ್ಲಿ ಪಿಸುಮಾತು. ಆ ತಾಯಿ ನಮ್ಮ ಮುಂದೆ ಕುಳಿತು ಹೇಳಿದ ಮಾತನ್ನು ಅವರ ನುಡಿಯಲ್ಲಿಯೇ ಇಡುತ್ತೇವೆ: “ಕೇಳಿದ್ರ ಸಂಬಂಧ ಹರಿತೈತ್ರಿ ಗುರುಗಳ, ಕೇಳದಿದ್ರ ಮನಿ ಸೋರತೈತ್ರಿ.”

ಜಗಳ ಬೇಡ, ಕಾಗದ ಕೇಳೋಣ ಎಂದು ನಾವು ಹೇಳಿದೆವು. ಅವರ ಹೆಸರಿಗೆ ಬಂದ ಕಂತುಗಳೆಷ್ಟು, ಯಾವ ಯಾವ ದಿನ ಬಂದವು, ಯಾವ ಖಾತೆಗೆ ಜಮೆಯಾದವು ಎಂಬ ಮೂರೇ ಪ್ರಶ್ನೆಗಳ ಅರ್ಜಿಯನ್ನು ಕಾಲೇಜು ಓದುವ ಅವರ ಮಗಳೇ ಬರೆದಳು. ಬಡತನ ರೇಖೆಯ ಕೆಳಗಿನ ಕುಟುಂಬವಾದ್ದರಿಂದ ಶುಲ್ಕವಿರಲಿಲ್ಲ. ನಾಲ್ಕು ವಾರ ತುಂಬುವುದರೊಳಗೆ ಉತ್ತರ ಬಂದಿತು. ಅದೇ ಪಂಚಾಯತಿಯ ಮತ್ತೊಂದು ಹಳ್ಳಿಯಲ್ಲಿ ಅದೇ ಹೆಸರಿನ ಇನ್ನೊಬ್ಬ ಮಹಿಳೆ ಇದ್ದರು. ಖಾತೆಯ ಸಂಖ್ಯೆ ಅದಲುಬದಲಾಗಿ ಮೂರನೆಯ ಕಂತು ಆಕೆಯ ಖಾತೆಗೆ ಹೋಗಿತ್ತು.

ತಪ್ಪು ಸರಿಹೋಗಿ ಹಣ ಕೈಸೇರುವ ಹೊತ್ತಿಗೆ ಒಂದು ಮಳೆಗಾಲ ಕಳೆದಿತ್ತು. ಆ ನಾಲ್ಕು ತಿಂಗಳು ತಾಯಿ-ಮಗಳು ತಾಡಪಾಲಿನ ಕೆಳಗೆ ಕಳೆದರು. ಅದನ್ನು ನಾವು ಸಣ್ಣ ವಿಷಯವೆಂದು ಹೇಳುವುದಿಲ್ಲ. ಆದರೆ ಉತ್ತರ ಬಂದ ದಿನ ಆ ಅಧ್ಯಕ್ಷರೂ ನಮ್ಮಲ್ಲಿಗೆ ಬಂದಿದ್ದರು. ಆರು ತಿಂಗಳಿಂದ ತಮ್ಮ ಬಗೆಗೆ ಊರಿನಲ್ಲಿ ಏನು ಮಾತು ನಡೆದಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಗೊತ್ತಾದಾಗ ಅವರ ಕಣ್ಣಲ್ಲಿ ನೀರು ಬಂತು. “ಅತ್ತಿಗಿಯವರು ಮೊದಲ ದಿನವೇ ಕೇಳಿದ್ದರೆ ಎಷ್ಟು ಒಳ್ಳೆಯದಿತ್ತು” ಎಂದರು.

ಕೇಳದೆ ಇರುವುದೇ ಸಂಬಂಧವನ್ನು ಉಳಿಸುವ ದಾರಿಯೆಂದು ಆ ತಾಯಿ ನಂಬಿದ್ದರು. ಸಂಬಂಧವನ್ನು ಆರು ತಿಂಗಳು ಒಳಗೊಳಗೇ ಕೊರೆದದ್ದು ಆ ಮೌನವೇ.

ರಾಜಸ್ಥಾನದ ಹಳ್ಳಿಗಳಲ್ಲಿ ನಡೆದದ್ದು

ಎಲ್ಲ ಲೆಕ್ಕಗಳೂ ಹೀಗೆ ನಿರ್ದೋಷವಾಗಿ ಮುಗಿಯುವುದಿಲ್ಲ ಎಂಬುದನ್ನು ಓದುಗ ಬಂಧುಗಳು ಬಲ್ಲರು. ಬೇಲಿಯೇ ಎದ್ದು ಹೊಲ ಮೇಯ್ದ ಪ್ರಸಂಗಗಳೂ ಉಂಟು. ಇಂದು ನಮಗೆ ದೊರೆತಿರುವ ಮಾಹಿತಿ ಹಕ್ಕಿನ ಬೇರುಗಳಲ್ಲೊಂದು ಅಂಥ ಪ್ರಸಂಗಗಳಲ್ಲಿಯೇ ಇದೆ.

ರಾಜಸ್ಥಾನದ ರಾಜಸಮಂದ ಜಿಲ್ಲೆಯ ದೇವಡುಂಗರಿ ಎಂಬ ಚಿಕ್ಕ ಹಳ್ಳಿಗೆ 1987ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಮೊದಲಾದವರು ಬಂದು ನೆಲೆಸಿದರು. ಅರುಣಾ ರಾಯ್ ಅವರು 1975ರಲ್ಲಿ ಭಾರತೀಯ ಆಡಳಿತ ಸೇವೆಯ ಹುದ್ದೆಯನ್ನು ತ್ಯಜಿಸಿ ಹೊರಬಂದವರು. ಅದು ಮಳೆ ಕಡಿಮೆಯ ಸೀಮೆ. ಬರಪರಿಹಾರ ಕಾಮಗಾರಿಗಳ ಕೂಲಿಯನ್ನೇ ನಂಬಿದ ಜನ. ದಿನವಿಡೀ ಮಣ್ಣು ಹೊತ್ತರೂ ಸರಕಾರ ಗೊತ್ತುಪಡಿಸಿದ ಕನಿಷ್ಠ ಕೂಲಿ ಕೈಗೆ ಬರುತ್ತಿರಲಿಲ್ಲ. ಏಕೆಂದು ಕೇಳಿದರೆ, ನೀವು ಮಾಡಿದ ಕೆಲಸ ಅಷ್ಟೇ ಎಂದು ದಾಖಲೆಯಲ್ಲಿದೆ ಎಂಬ ಉತ್ತರ. ಆ ದಾಖಲೆ ತೋರಿಸಿ ಎಂದರೆ, ಅದು ಸರಕಾರದ ಕಾಗದ, ನಿಮಗೆ ತೋರಿಸುವಂಥದ್ದಲ್ಲ ಎಂಬ ಮತ್ತೊಂದು ಉತ್ತರ. ತಮ್ಮ ಬೆವರಿನ ಬೆಲೆ ಆ ಕಾಗದದಲ್ಲಿ ಅಡಗಿದೆ ಎಂಬುದನ್ನು ಅಕ್ಷರ ಬಾರದ ಆ ಕೂಲಿಕಾರರು ಅಂದು ಅರಿತರು.

1990ರ ಮೇ 1ರಂದು ಭೀಮ್ ಎಂಬಲ್ಲಿ ಅವರೆಲ್ಲ ಸೇರಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್ ಎಂಬ ಸಂಘವನ್ನು ಕಟ್ಟಿದರು. 1994ರ ಡಿಸೆಂಬರ್ 2ರಂದು ಪಾಲಿ ಜಿಲ್ಲೆಯ ಕೋಟ್ ಕಿರಾನಾ ಗ್ರಾಮದಲ್ಲಿ ಮೊದಲ ‘ಜನ ಸುನವಾಯಿ’, ಎಂದರೆ ಜನರ ಮುಂದಿನ ವಿಚಾರಣೆ, ನಡೆಯಿತು. ಹೇಗೋ ಕೈಗೆ ಸಿಕ್ಕ ಹಾಜರಿ ಪಟ್ಟಿಗಳನ್ನೂ ಖರ್ಚಿನ ಬಿಲ್ಲುಗಳನ್ನೂ ಊರ ಜನರ ಮುಂದೆ ಗಟ್ಟಿಯಾಗಿ ಓದಿದರು, ಅಷ್ಟೇ. ನನ್ನ ಹೆಸರಿದೆ, ನಾನು ಆ ಕೆಲಸಕ್ಕೆ ಹೋಗಿಯೇ ಇಲ್ಲ ಎಂದು ಒಬ್ಬರು ಎದ್ದರು. ಸತ್ತವರ ಹೆಸರಿನಲ್ಲಿಯೂ ಕೂಲಿ ಬರೆದದ್ದು ಹೊರಬಿತ್ತು. ಮುಗಿಯದ ಕಟ್ಟಡ ಕಾಗದದ ಮೇಲೆ ಮುಗಿದಿತ್ತು. ಮುಂದಿನ ಕೆಲವು ತಿಂಗಳುಗಳಲ್ಲಿ ಸುತ್ತಲಿನ ಊರುಗಳಲ್ಲಿ ಇಂಥ ಸಭೆಗಳು ನಡೆದವು. ನಂತರದ ವರ್ಷಗಳಲ್ಲಿ, ನುಂಗಿದ ಹಣವನ್ನು ಸರಪಂಚರು ಸಭೆಯ ಮುಂದೆಯೇ ಮರಳಿಸಿದ ಪ್ರಸಂಗಗಳೂ ಕಂಡುಬಂದವು.

ಪಂಚಾಯತಿ ಕಾಮಗಾರಿಗಳ ದಾಖಲೆಯ ಪ್ರತಿಗಳನ್ನು ಶುಲ್ಕ ಪಡೆದು ಜನರಿಗೆ ಕೊಡಲಾಗುವುದೆಂದು ಅಲ್ಲಿಯ ಮುಖ್ಯಮಂತ್ರಿಗಳು 1995ರಲ್ಲಿ ವಿಧಾನಸಭೆಯಲ್ಲಿ ಭರವಸೆಯಿತ್ತರು. ವರ್ಷ ಕಳೆದರೂ ಆ ಮಾತು ಕಾರ್ಯರೂಪಕ್ಕೆ ಬರಲಿಲ್ಲ. 1996ರ ಏಪ್ರಿಲ್ 6ರಂದು ಬ್ಯಾವರ್ ಪಟ್ಟಣದಲ್ಲಿ ಧರಣಿ ಆರಂಭವಾಗಿ ನಲವತ್ತು ದಿನ ನಡೆಯಿತು. ಹಳ್ಳಿಗಳ ಕೂಲಿಕಾರರು ಬಿಸಿಲಲ್ಲಿ ಕುಳಿತರು. ಪಟ್ಟಣದ ವ್ಯಾಪಾರಿಗಳು ಕಾಯಿಪಲ್ಲೆ ಕೊಟ್ಟು ಅವರ ಊಟ ನಡೆಸಿದರು. ನಮ್ಮ ಹಣ, ನಮ್ಮ ಲೆಕ್ಕ ಎಂಬುದೇ ಅವರ ಘೋಷಣೆ. ಅದೇ ವರ್ಷ ಜನರ ಮಾಹಿತಿ ಹಕ್ಕಿಗಾಗಿ ರಾಷ್ಟ್ರಮಟ್ಟದ ಅಭಿಯಾನವೊಂದು ರೂಪುಗೊಂಡಿತು. ಸರಕಾರದ ಕಾರ್ಯಗಳನ್ನು ತಿಳಿಯುವುದು ಪ್ರಜೆಗಳ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 1975ರಲ್ಲಿ ರಾಜ್ ನಾರಾಯಣ್ ಪ್ರಕರಣದಲ್ಲಿಯೇ ಹೇಳಿತ್ತು. ಆ ತತ್ತ್ವಕ್ಕೆ ಕೈಕಾಲು ಬರಲು ಮೂವತ್ತು ವರ್ಷ ಬೇಕಾಯಿತು. ಸಂಸತ್ತು ಅಂಗೀಕರಿಸಿದ ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು, ವಿಜಯದಶಮಿಯ ದಿನ, ಪೂರ್ಣವಾಗಿ ಜಾರಿಗೆ ಬಂತು.

ನಮ್ಮ ನಾಡಿನ ಹಾದಿ

ಈ ವಿಷಯದಲ್ಲಿ ಕನ್ನಡ ನಾಡು ಹಿಂದುಳಿದದ್ದಲ್ಲ. ಅಬ್ದುಲ್ ನಜೀರ್‌ಸಾಬ್ ಅವರ ಶ್ರಮದಿಂದ ರೂಪುಗೊಂಡ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳಿಗೆ ಅಧಿಕಾರ ಕೊಟ್ಟಿತು. ಮಹಿಳೆಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ಕಾದಿರಿಸಿತು. 1987ರ ಆ ಮೊದಲ ಚುನಾವಣೆಯ ಸಡಗರವನ್ನು ನಮ್ಮ ವಯಸ್ಸಿನವರು ಮರೆತಿರಲಾರರು. ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ, ಅದಕ್ಕೆ ಅನುಗುಣವಾಗಿ ಅದೇ ವರ್ಷ ನಮ್ಮ ಪಂಚಾಯತ್ ರಾಜ್ ಕಾಯ್ದೆ ರೂಪುಗೊಂಡಿತು. ಮುಂದೆ ಅದರ ಹೆಸರಿಗೆ ‘ಗ್ರಾಮ ಸ್ವರಾಜ್’ ಎಂಬ ಮಾತೂ ಸೇರಿತು. 2010ರಿಂದ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದವು. ಕೇಂದ್ರದ ಕಾಯ್ದೆ ಬರುವ ಮೊದಲೇ, 2000ದಲ್ಲಿ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು ಮಾಡಿಕೊಂಡಿತ್ತು.

ಗ್ರಾಮಸಭೆ ಎಂದರೆ ಪಂಚಾಯತಿ ಸದಸ್ಯರ ಸಭೆಯಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಅದು ಸೇರತಕ್ಕದ್ದು. ಅದಕ್ಕೂ ಮೊದಲು ವಾರ್ಡು ವಾರ್ಡಿನಲ್ಲಿ ವಾರ್ಡುಸಭೆ ನಡೆದು, ಯಾರಿಗೆ ಮನೆ ಬೇಕು, ಎಲ್ಲಿ ಗಟಾರ ಬೇಕು ಎಂಬುದು ಅಲ್ಲಿಂದ ಮೇಲೆ ಬರತಕ್ಕದ್ದು. ಇವಲ್ಲದೆ ವರ್ಷಕ್ಕೊಮ್ಮೆ ಜಮಾಬಂದಿ ಎಂಬುದೊಂದಿದೆ. ಹಿಂದೆ ಭೂಕಂದಾಯದ ವಾರ್ಷಿಕ ಲೆಕ್ಕಕ್ಕೆ ಸಲ್ಲುತ್ತಿದ್ದ ಈ ಮಾತು, ಈಗ ಪಂಚಾಯತಿಯ ಆದಾಯ, ವೆಚ್ಚ, ಕಾಮಗಾರಿಗಳನ್ನು ಜನರೆದುರು ಪರಿಶೀಲಿಸುವ ಕ್ರಮಕ್ಕೆ ನಿಂತಿದೆ. ಪುಸ್ತಕವನ್ನು ಓದುವುದಷ್ಟೇ ಅಲ್ಲ, ಕಟ್ಟಿದೆಯೆಂದು ಬರೆದ ಚರಂಡಿ ನೆಲದ ಮೇಲೆ ಇದೆಯೇ ಎಂದು ಹೋಗಿ ನೋಡುವುದೂ ಅದರ ಭಾಗ.

ಆದರೆ ನಾವು ಕಂಡ ಅನೇಕ ಗ್ರಾಮಸಭೆಗಳಲ್ಲಿ ಕುರ್ಚಿಗಳೇ ಹೆಚ್ಚು. ಡಂಗುರ ಸಾರಿದ್ದು ಅರ್ಧ ಊರಿಗೆ ಕೇಳಿಸಿರುವುದಿಲ್ಲ. ಬಂದವರು ಫಲಾನುಭವಿಗಳ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಿ ಹೊರಟುಬಿಡುತ್ತಾರೆ. ಬಾರದವರ ಸಹಿಗಾಗಿ ಪುಸ್ತಕ ಮನೆಮನೆಗೆ ಹೋಗುವುದೂ ಉಂಟು. ಸಭೆಗೆ ಹೋಗದೆ ಮನೆಯ ಕಟ್ಟೆಯ ಮೇಲೆ ಸಹಿ ಹಾಕಿದವನು ನಾಳೆ ಲೆಕ್ಕ ತಪ್ಪಿತೆಂದು ಯಾರನ್ನು ದೂರಬಲ್ಲ?

ಕೇಳುವ ಕ್ರಮ

ಮಾಹಿತಿ ಹಕ್ಕಿನ ಅರ್ಜಿ ಎಂದರೆ ವಕೀಲರ ಕೆಲಸವೆಂದು ಬಹುಮಂದಿ ತಿಳಿದಿದ್ದಾರೆ. ಹಾಗಿಲ್ಲ. ಗ್ರಾಮ ಪಂಚಾಯತಿಯ ಮಾಹಿತಿ ಅಧಿಕಾರಿಯ ಹೆಸರಿಗೆ ಕನ್ನಡದಲ್ಲಿಯೇ ಬರೆಯಬಹುದು. ನಮ್ಮ ರಾಜ್ಯದ ನಿಯಮದಂತೆ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, 150 ಪದ ಮೀರಬಾರದು. ಬಡತನ ರೇಖೆಯ ಕೆಳಗಿನವರು ಅದರ ದಾಖಲೆ ಇಟ್ಟರೆ ಶುಲ್ಕವಿಲ್ಲ. ಏಕೆ ಕೇಳುತ್ತೀರಿ ಎಂಬುದಕ್ಕೆ ಕಾರಣ ಹೇಳಬೇಕಾಗಿಲ್ಲ. ಬರೆಯಲು ಬಾರದವರು ಬಾಯಿಯಿಂದ ಹೇಳಿದರೆ ಅದನ್ನು ಬರೆದುಕೊಳ್ಳಲು ನೆರವಾಗುವುದು ಅಧಿಕಾರಿಯ ಕರ್ತವ್ಯ. ಕೇಳಿದ್ದು ಬೇರೆ ಕಚೇರಿಗೆ ಸೇರಿದ್ದಾದರೆ ಐದು ದಿನಗಳೊಳಗೆ ಅರ್ಜಿಯನ್ನು ಅಲ್ಲಿಗೆ ಕಳುಹಿಸುವುದೂ ಅವರದೇ ಹೊಣೆ.

ಉತ್ತರಕ್ಕೆ 30 ದಿನಗಳ ಅವಧಿ. ಪ್ರಾಣಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ 48 ಗಂಟೆ. ಅವಧಿ ಮೀರಿದರೆ ಪ್ರತಿಗಳನ್ನು ಉಚಿತವಾಗಿ ಕೊಡಬೇಕು. ಉತ್ತರ ಬಾರದಿದ್ದರೆ, ಬಂದದ್ದು ಸರಿಯೆನಿಸದಿದ್ದರೆ, 30 ದಿನಗಳೊಳಗೆ ಮೇಲಧಿಕಾರಿಗೆ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ, 25,000 ರೂಪಾಯಿಯವರೆಗೆ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ಆಯೋಗದ ಬಾಗಿಲಲ್ಲಿ ಬಹುಕಾಲ ಕಾಯಬೇಕಾಗಿ ಬಂದವರೂ ಇದ್ದಾರೆ. ಆದ್ದರಿಂದ ಪ್ರಶ್ನೆಯನ್ನು ಆರಂಭದಲ್ಲಿಯೇ ಸ್ಪಷ್ಟವಾಗಿ ಕೇಳುವುದು ಮೇಲು. ‘ಪಂಚಾಯತಿಯಲ್ಲಿ ಭ್ರಷ್ಟಾಚಾರ ಏಕೆ’ ಎಂದು ಕೇಳಿದರೆ ಯಾವ ಉತ್ತರವೂ ಬಾರದು. ‘ನಮ್ಮ ಓಣಿಯ ರಸ್ತೆಯ ಅಂದಾಜು ಪಟ್ಟಿ, ಅಳತೆ ಪುಸ್ತಕ ಮತ್ತು ಪಾವತಿಯ ಬಿಲ್ಲಿನ ಪ್ರತಿ ಕೊಡಿ’ ಎಂದು ಕೇಳಿದರೆ ಕಾಗದವೇ ಮಾತನಾಡುತ್ತದೆ. ಕಾಮಗಾರಿಯನ್ನು ಖುದ್ದಾಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿಯನ್ನು ಪಡೆಯುವ ಹಕ್ಕನ್ನೂ ಕಾಯ್ದೆ ಕೊಟ್ಟಿದೆ.

ಇದಕ್ಕಿಂತ ದೊಡ್ಡ ಮಾತೊಂದು ಅದೇ ಕಾಯ್ದೆಯ 4ನೆಯ ಪ್ರಕರಣದಲ್ಲಿದೆ. ಆಯವ್ಯಯ, ಸಹಾಯಧನದ ಯೋಜನೆಗಳು, ಫಲಾನುಭವಿಗಳ ವಿವರ ಇವನ್ನೆಲ್ಲ ಯಾರೂ ಕೇಳುವ ಮೊದಲೇ ಪ್ರಕಟಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ನಮ್ಮ ಸರಕಾರ ಇದಕ್ಕಾಗಿ ತೆರೆದ ಗಣಕ ವ್ಯವಸ್ಥೆಗೆ ‘ಮಾಹಿತಿ ಕಣಜ’ ಎಂದೇ ಹೆಸರಿಟ್ಟಿತು. ಆ ಹೆಸರನ್ನು ಕೇಳಿದಾಗ ನಮಗೆ ಮಠದ ಸಂಜೆಗಳ ನೆನಪಾಯಿತು. ಆದರೆ ಮೊಬೈಲು ಹಿಡಿಯದ ಅಜ್ಜಿಗೆ ಪಂಚಾಯತಿಯ ಗೋಡೆಯೇ ಪುಸ್ತಕ. ಗೋಡೆಯ ಮೇಲೆ ಬರೆದದ್ದನ್ನು ಓದಿ ಹೇಳಲು ಮೊಮ್ಮಗಳಿದ್ದಾಳೆ.

ಹಾಗೆಂದು ಎಲ್ಲವನ್ನೂ ಎಲ್ಲರೂ ತಿಳಿಯಬೇಕೆಂದು ನಾವು ಹೇಳುವುದಿಲ್ಲ. ಒಬ್ಬರ ಕಾಯಿಲೆ, ಒಂದು ಮನೆಯ ಕಲಹ ಇವು ಬೀದಿಗೆ ಬರಬೇಕಾದವಲ್ಲ. ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಬಂದ ಕಾನೂನು ಮಾಹಿತಿ ಹಕ್ಕು ಕಾಯ್ದೆಯ ಒಂದು ಉಪಪ್ರಕರಣವನ್ನೂ ತಿದ್ದಿದೆ. ಆ ನೆಪದಲ್ಲಿ ಸಾರ್ವಜನಿಕ ಹಣದ ಪಟ್ಟಿಗಳೂ ಮುಚ್ಚಿಹೋದಾವೆಂಬ ಆತಂಕ ಹಲವರಲ್ಲಿದೆ. ಆದರೆ ಸಾರ್ವಜನಿಕ ಹಿತ ದೊಡ್ಡದಾದಲ್ಲಿ ಮಾಹಿತಿಯನ್ನು ಕೊಡಬಹುದೆಂಬ 8(2)ನೆಯ ಉಪಪ್ರಕರಣ ಹಾಗೆಯೇ ಉಳಿದಿದೆ ಎಂಬುದನ್ನು ಅರ್ಜಿದಾರರು ತಿಳಿದಿರಬೇಕು.

ಅನುಮಾನವೋ ಕಾಳಜಿಯೋ

ಲೆಕ್ಕ ಕೇಳಿದರೆ ಅವಮಾನವಾಯಿತೆಂದು ಭಾವಿಸುವುದು ನಮ್ಮ ಹಳ್ಳಿಗಳ ಹಳೆಯ ರೋಗ. ನನ್ನ ಮೇಲೆ ನಂಬಿಕೆಯಿಲ್ಲವೇ ಎಂಬ ಒಂದು ಮಾತಿನಿಂದ ಎಷ್ಟೋ ಪ್ರಶ್ನೆಗಳು ಬಾಯಲ್ಲಿಯೇ ಸತ್ತಿವೆ. ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆ ಹೊತ್ತಿದ್ದಾಗ, ರಾಜಧನವನ್ನು ಜಂಗಮರಿಗೆ ವ್ಯಯಿಸಿದರೆಂಬ ದೂರು ದೊರೆಯ ಕಿವಿಗೆ ಬಿದ್ದ ಕಥೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ತಿಳಿದದ್ದೇ. ಪುರಾಣಕಾರರು ಅದನ್ನು ಪವಾಡವಾಗಿ ಹೇಳುತ್ತಾರೆ. ನಾವು ಗಮನಿಸಬೇಕಾದದ್ದು ಬೇರೆ. ಅವರು ಭಂಡಾರದ ಬಾಗಿಲನ್ನು ತೆರೆದು ತೋರಿಸಿದರು, ಕೇಳಿದ್ದಕ್ಕೆ ಮುನಿಯಲಿಲ್ಲ. ಅಂಥವರಿಗೇ ಲೆಕ್ಕ ಒಪ್ಪಿಸುವುದು ಕುಂದೆನಿಸದಿದ್ದರೆ, ಐದು ವರ್ಷದ ಅಧಿಕಾರದವರಿಗೆ ಏಕೆ ಕುಂದೆನಿಸಬೇಕು?

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಅನ್ಯಾಯವಾದೀತು. ಈ ಕಾಯ್ದೆಯನ್ನು ಹಗೆ ತೀರಿಸಿಕೊಳ್ಳಲು, ಅಧಿಕಾರಿಗಳನ್ನು ಹೆದರಿಸಿ ಹಣ ಕೀಳಲು ಬಳಸುವವರಿದ್ದಾರೆ. ನೂರು ಅರ್ಜಿ ಹಾಕಿ, ಕೊನೆಗೆ ಗುಟ್ಟಾಗಿ ರಾಜಿಯಾಗುವವರು ಮಾಹಿತಿ ಹಕ್ಕನ್ನಲ್ಲ, ಮಾಹಿತಿಯ ವ್ಯಾಪಾರವನ್ನು ನಡೆಸುತ್ತಾರೆ. ಇತ್ತ, ನ್ಯಾಯವಾಗಿ ಲೆಕ್ಕ ಕೇಳಿ ಏಟು ತಿಂದವರು, ಪ್ರಾಣ ತೆತ್ತವರು ಈ ದೇಶದಲ್ಲಿ ಆಗಿಹೋಗಿದ್ದಾರೆ. ಎರಡಕ್ಕೂ ಒಂದೇ ಮದ್ದು: ಒಬ್ಬರೇ ಗುಟ್ಟಾಗಿ ಕೇಳುವುದಕ್ಕಿಂತ ಹತ್ತು ಮಂದಿ ಸಭೆಯಲ್ಲಿ ಬಹಿರಂಗವಾಗಿ ಕೇಳುವುದು, ಪಡೆದ ಉತ್ತರವನ್ನು ಜೇಬಿನಲ್ಲಿಡದೆ ಊರ ಮುಂದೆ ಓದುವುದು. ಕೋಟ್ ಕಿರಾನಾದ ಕೂಲಿಕಾರರು ಮಾಡಿದ್ದು ಅದನ್ನೇ.

ಮನೆಯಿಂದ ಆರಂಭ

ಅನ್ಯರಿಗೆ ಹೇಳುವ ಮೊದಲು ನಮ್ಮ ಅಂಗಳವನ್ನು ಗುಡಿಸಿಕೊಳ್ಳೋಣ. ಜಾತ್ರೆಗೆ ಪಟ್ಟಿ ಎತ್ತುವ ಸಮಿತಿಗಳು, ಸಮುದಾಯ ಭವನ ಕಟ್ಟುವ ಮಂಡಳಿಗಳು, ವಿದ್ಯಾರ್ಥಿನಿಲಯಗಳು ವರ್ಷಕ್ಕೊಮ್ಮೆಯಾದರೂ ಜಮಾ-ಖರ್ಚನ್ನು ಗುಡಿಯ ಗೋಡೆಗೆ ಅಂಟಿಸಲಿ. ನೆರೆದ ಭಕ್ತರ ಮುಂದೆ ಓದಲಿ. ತಂದೆ-ತಾಯಿಗಳು ಮನೆಯ ಖರ್ಚಿನ ಪುಸ್ತಕವನ್ನು ಮಕ್ಕಳ ಮುಂದೆ ಬರೆಯಲಿ. ಹತ್ತು ರೂಪಾಯಿಯ ಲೆಕ್ಕವನ್ನು ನಗುತ್ತ ಕೊಟ್ಟು ಬೆಳೆದ ಮಗು ಮುಂದೆ ಹತ್ತು ಲಕ್ಷದ ಲೆಕ್ಕ ಕೊಡುವಾಗ ಮುಖ ಕೆಂಪಾಗಿಸಿಕೊಳ್ಳುವುದಿಲ್ಲ.

ಗ್ರಾಮಸಭೆಯ ದಿನ ನಮ್ಮ ತಾಯಂದಿರು, ಸೊಸೆಯಂದಿರು ತಪ್ಪದೆ ಹೋಗಬೇಕೆಂದು ವಿಶೇಷವಾಗಿ ಕೇಳಿಕೊಳ್ಳುತ್ತೇವೆ. ನೀರು ಬಾರದ ನಳ, ಅಂಗನವಾಡಿಯ ಅಡಿಗೆ, ದೀಪವಿಲ್ಲದ ಓಣಿ ಇವುಗಳ ಕಷ್ಟವನ್ನು ಮೊದಲು ಉಣ್ಣುವವರು ಅವರೇ. ಪಂಚಾಯತಿಯಲ್ಲಿ ಅಧ್ಯಕ್ಷರಿರಲಿ, ಆಡಳಿತಾಧಿಕಾರಿಯಿರಲಿ, ಪ್ರಶ್ನೆ ಒಂದೇ ಇರಲಿ, ವಿನಯದಿಂದಿರಲಿ. ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು. ಅದು ನಡವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಬರಬೇಡಿ.

ನಾವು ಮೇಲೆ ಹೇಳಿದ ತಾಯಿಯ ಮನೆಗೆ ಈಗ ಮಾಳಿಗೆಯಿದೆ. ಗೃಹಪ್ರವೇಶದ ದಿನ ಮುಂದೆ ನಿಂತು ಪಂಕ್ತಿಗೆ ಬಡಿಸಿದವರು ಅದೇ ಮೈದುನ. ಊಟವಾದ ಮೇಲೆ ಆ ಮಗಳು ಒಂದು ಚಿಕ್ಕ ಪುಸ್ತಕ ತಂದು, ಮನೆಗೆ ಬಂದ ಹಣವೆಷ್ಟು, ಹೋದದ್ದೆಷ್ಟು, ಇನ್ನು ತೀರಿಸಬೇಕಾದ ಕೈಗಡವೆಷ್ಟು ಎಂದು ನೆಂಟರೆದುರು ಓದಿದಳು. ಯಾರೂ ಅವಳನ್ನು ಓದು ಎಂದು ಕೇಳಿರಲಿಲ್ಲ.